ಶೈಲವರ್ಣನೆಯೂ ನಮ್ಮ ಸೀಮೆಯ ಗುಡ್ಡಗಳೂ

ಮಹಾಕಾವ್ಯವೆನಿಸಿಕೊಳ್ಳಬೇಕಾದರೆ ಅದರಲ್ಲಿ ಹದಿನೆಂಟು ವರ್ಣನೆಗಳು ಇರಬೇಕೆಂದು ಆಲಂಕಾರಿಕರು ವಿಧಿಸಿದ್ದನ್ನು ವಾಚಕರು ಬಲ್ಲರು. ದಂಡಿಯು ಕಾವ್ಯಾದರ್ಶದ ಮೊದಲನೆಯ ಪರಿಚ್ಛೇದದಲ್ಲಿ ಇವುಗಳನ್ನು ಎಣಿಸುವಾಗ ನಗರವನ್ನು ಮೊದಲು ಹೇಳಿ, ಅದರ ಬೆನ್ನಿಗೇ ಸಮುದ್ರವನ್ನೂ ಪರ್ವತವನ್ನೂ ಒಂದರ ಮಗ್ಗುಲಲ್ಲಿ ಇನ್ನೊಂದನ್ನು ಇರಿಸಿದ್ದಾನೆ. ಒಂಬತ್ತನೆಯ ಶತಮಾನದ ನಮ್ಮ ಕವಿರಾಜಮಾರ್ಗವು ಬಹುಮಟ್ಟಿಗೆ ದಂಡಿಯ ಜಾಡನ್ನೇ ಹಿಡಿದದ್ದು. ಅದೇ ಗ್ರಂಥವು ಕನ್ನಡದ ತಿರುಳಾದ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಪುಲಿಗೆರೆಗಳ ಸಂಗಡ ಒಂಕುಂದವನ್ನೂ ಹೆಸರಿಸಿದೆ. ಆ ಒಂಕುಂದವು ಬೈಲಹೊಂಗಲ ಸೀಮೆಯ ಒಕ್ಕುಂದವೇ ಎಂದು ವಿದ್ವಾಂಸರು ಗೊತ್ತುಮಾಡಿದ್ದಾರೆ. ಹೀಗೆ ನಮ್ಮ ನೆಲವನ್ನು ಕನ್ನಡದ ತಿರುಳೆಂದು ಕರೆದ ಪುಸ್ತಕವೂ, ಪರ್ವತವನ್ನು ವರ್ಣಿಸಬೇಕೆಂಬ ನಿಯಮವನ್ನು ಕನ್ನಡಕ್ಕೆ ತಂದ ಪುಸ್ತಕವೂ ಒಂದೇ ಆಗಿದೆ. ಹೀಗಿದ್ದರೂ ಒಕ್ಕುಂದದಿಂದ ಒಂದು ದಿನದ ನಡಿಗೆಯೊಳಗೆ ಸಿಕ್ಕುವ ಗುಡ್ಡಗಳನ್ನು ಕುರಿತು, ಹತ್ತಿ ನೋಡಿದವನು ಬರೆದ ನಾಲ್ಕು ಪುಟಗಳನ್ನು ಕೊಡಿರೆಂದು ಯಾರಾದರೂ ಕೇಳಿದರೆ ನಾವು ಏನನ್ನು ಕೊಡಬೇಕು? ಈ ಲೇಖನವು ಆ ಕೊರತೆಯ ವಿಚಾರಕ್ಕಾಗಿ ಇದೆ.

ಕೊರತೆಯ ಬೇರು ನಿಯಮದೊಳಗೇ ಇದೆಯೆಂದು ನನಗೆ ತೋರುತ್ತದೆ. ಶಾಸ್ತ್ರಕಾರನು ಕೇಳಿದ್ದು ಯಾವದಾದರೊಂದು ಪರ್ವತವನ್ನು. ಕವಿಗೆ ಅಷ್ಟೇ ಸಾಕಾಯಿತು. ಔಷಧಿಗಳು ರಾತ್ರಿಯಲ್ಲಿ ದೀಪದಂತೆ ಬೆಳಗಬೇಕು, ಕಿನ್ನರರು ಹಾಡಬೇಕು, ಚಂದನದ ಗಾಳಿ ಬೀಸಬೇಕು, ಸಿಂಹವು ಆನೆಯ ಕುಂಭಸ್ಥಲವನ್ನು ಸೀಳಿ ಮುತ್ತುಗಳನ್ನು ಚೆಲ್ಲಬೇಕು. ಇವಿಷ್ಟು ಸಾಮಗ್ರಿ ಕೈಯಲ್ಲಿದ್ದರೆ ಮನೆಯ ಪಡಸಾಲೆಯಿಂದ ಏಳದೆಯೇ ಮೇರುವನ್ನಾದರೂ ಮಲಯವನ್ನಾದರೂ ಕಟ್ಟಬಹುದು. ನಮ್ಮ ಚಂಪೂಕವಿಗಳಲ್ಲಿ ಅನೇಕರು ಹಾಗೆಯೇ ಕಟ್ಟಿದರು. ಒಬ್ಬನ ಪರ್ವತವನ್ನು ಕಿತ್ತು ಇನ್ನೊಬ್ಬನ ಕಾವ್ಯದಲ್ಲಿ ನೆಟ್ಟರೆ ಒಂದು ಗಿಡವೂ ಬಾಡುವದಿಲ್ಲ.

ಸಂಸ್ಕೃತದಲ್ಲಿ ಇದರ ಪರಾಕಾಷ್ಠೆಯನ್ನು ನೋಡಬೇಕಾದರೆ ಭಾರವಿಯ ಐದನೆಯ ಸರ್ಗವನ್ನೂ ಮಾಘನ ನಾಲ್ಕನೆಯ ಸರ್ಗವನ್ನೂ ತೆರೆಯಬೇಕು. ಮೊದಲನೆಯದು ಹಿಮಾಲಯದ ವರ್ಣನೆ, ಎರಡನೆಯದು ರೈವತಕದ್ದು. ಎಂದರೆ ಇಂದಿನ ಸೌರಾಷ್ಟ್ರದ ಗಿರಿನಾರಿನದು. ಗಾಳಿಗೆದ್ದ ತಾವರೆಯ ಪರಾಗವು ಆಕಾಶದಲ್ಲಿ ಬಂಗಾರದ ಕೊಡೆಯಂತೆ ತೋರಿತೆಂದು ಹೇಳಿ ಭಾರವಿಯು ‘ಆತಪತ್ರಭಾರವಿ’ಯಾದನು. ಒಂದು ಮಗ್ಗುಲಿಗೆ ಸೂರ್ಯನು ಏಳುತ್ತಲೂ ಇನ್ನೊಂದು ಮಗ್ಗುಲಿಗೆ ಚಂದ್ರನು ಮುಳುಗುತ್ತಲೂ ಇರುವಾಗ ರೈವತಕವು ಎರಡು ಗಂಟೆಗಳನ್ನು ಇಳಿಬಿಟ್ಟ ಆನೆಯಂತೆ ಒಪ್ಪಿತೆಂದು ಹೇಳಿ ಮಾಘನು ‘ಘಂಟಾಮಾಘ’ನಾದನು. ಇಬ್ಬರು ಮಹಾಕವಿಗಳಿಗೆ ಬಿರುದು ಬಂದದ್ದು ಪರ್ವತಸರ್ಗದ ಒಂದೊಂದು ಶ್ಲೋಕದಿಂದಲೇ ಎಂಬದು ಗಮನಿಸತಕ್ಕ ಸಂಗತಿ. ಪಾಠಶಾಲೆಯಲ್ಲಿ ಈ ಸರ್ಗಗಳನ್ನು ಮಲ್ಲಿನಾಥನ ವ್ಯಾಖ್ಯಾನದೊಡನೆ ಕಂಠಪಾಠ ಮಾಡಿದ ನಮ್ಮಂಥವರಿಗೆ ಯಮಕಗಳು ಇಂದಿಗೂ ನಾಲಗೆಯ ತುದಿಯಲ್ಲಿವೆ. ಆದರೆ ಭಾರವಿಯಲ್ಲಿ ಪರ್ವತವನ್ನು ವರ್ಣಿಸುವವನು ದಾರಿತೋರುವ ಯಕ್ಷನು, ಕೇಳುವವನು ಅರ್ಜುನನು. ಮಾಘನಲ್ಲಿ ವರ್ಣಿಸುವವನು ಸಾರಥಿ ದಾರುಕನು, ಕೇಳುವವನು ಶ್ರೀಕೃಷ್ಣನು. ಸೈನ್ಯವು ಬುಡದಲ್ಲಿ ಬೀಡುಬಿಡುವ ಮುಂಚೆಯೇ ವರ್ಣನೆ ಮುಗಿದುಹೋಗುತ್ತದೆ. ಗಂಟೆಗಳ ಆನೆಯಾದರೂ ಬಹುದೂರದಲ್ಲಿ ನಿಂತು ಎರಡೂ ಮಗ್ಗುಲುಗಳನ್ನು ಒಟ್ಟಿಗೆ ನೋಡಬಲ್ಲವನಿಗೆ ಮಾತ್ರ ಕಾಣತಕ್ಕದ್ದು. ಪರ್ವತವನ್ನು ಏರುವವನ ಉಸಿರು ಇಲ್ಲಿ ಎಲ್ಲಿಯೂ ಕೇಳುವದಿಲ್ಲ.

ಇದನ್ನು ಕೇಳಿ ನಮ್ಮ ಹಳೆಯ ಸಾಹಿತ್ಯಕ್ಕೆ ಕಾಲಿಲ್ಲವೆಂದು ಯಾರೂ ತೀರ್ಪುಕೊಡಕೂಡದು. ಕಾಳಿದಾಸನು ಇದ್ದಾನೆ. ಕುಮಾರಸಂಭವದ ಮೊದಲನೆಯ ಸರ್ಗವನ್ನು ದೇವತಾತ್ಮನಾದ ಹಿಮಾಲಯದ ಸ್ತುತಿಯೆಂದಷ್ಟೇ ಓದುವವರು ಅಲ್ಲಿಯ ಎರಡು ಮಾತುಗಳನ್ನು ನಿಂತು ನೋಡಬೇಕು. ಮೋಡಗಳು ಗಿರಿಯ ನಡುವಿನ ವರೆಗೆ ಮಾತ್ರ ಸುಳಿದಾಡುತ್ತವೆ. ಕೆಳಗಣ ತಪ್ಪಲಿನಲ್ಲಿ ನೆರಳನ್ನು ಸವಿಯುತ್ತಿದ್ದ ಸಿದ್ಧರು ಮಳೆ ಹೊಡೆದೊಡನೆ ಬಿಸಿಲಿರುವ ಶಿಖರಗಳಿಗೆ ಹತ್ತಿಹೋಗುತ್ತಾರೆ. ಹೆಪ್ಪುಗಟ್ಟಿ ಕಲ್ಲಾದ ಹಿಮದ ದಾರಿಯು ಕಿನ್ನರಸ್ತ್ರೀಯರ ಕಾಲ್ಬೆರಳುಗಳನ್ನೂ ಹಿಮ್ಮಡಗಳನ್ನೂ ನೋಯಿಸುತ್ತದೆ. ಆದರೂ ಅವರು ತಮ್ಮ ಮಂದಗತಿಯನ್ನು ಬಿಡಲಾರರು. ಪಾದದ ಯಾವ ಯಾವ ಭಾಗಕ್ಕೆ ತಣ್ಣನೆಯ ನೆಲವು ಕಚ್ಚುವದೆಂಬದು ಕೇಳಿ ಬರುವ ತಿಳಿವಳಿಕೆಯಲ್ಲ. ಮೇಘದೂತವಂತೂ ದಾರಿಯ ಪುಸ್ತಕವೇ ಸರಿ. ದಣಿದಾಗ ಕಾಲಿಡಬೇಕಾದದ್ದು ಯಾವ ಶಿಖರದ ಮೇಲೆ, ನೀರು ಕುಡಿಯಬೇಕಾದದ್ದು ಯಾವ ಹೊಳೆಯಲ್ಲಿ ಎಂದು ಯಕ್ಷನು ಮೋಡಕ್ಕೆ ಹೇಳಿ ಕಳಿಸುತ್ತಾನೆ. ಆಮ್ರಕೂಟಕ್ಕೆ ಹಣ್ಣಾದ ಮಾವಿನ ಬಣ್ಣವಿದೆ. ವಿಂಧ್ಯದ ಬುಡದಲ್ಲಿ ರೇವೆಯು ಕಲ್ಲುಗಳಿಗೆ ಬಡಿದು ಸೀಳಿ ಹರಿಯುತ್ತಾಳೆ. ವಿದಿಶೆಯ ಹತ್ತಿರದ ಸಣ್ಣ ಗುಡ್ಡಕ್ಕೆ ಗವಿಗಳಿವೆ. ಒಂದರ ಗುರುತನ್ನು ಇನ್ನೊಂದಕ್ಕೆ ಹಚ್ಚಲು ಬರುವದಿಲ್ಲ.

ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನು ಪುಷ್ಪಕದಲ್ಲಿ ಕುಳಿತು ಸೀತೆಗೆ ಕೆಳಗಿನ ನೆಲವನ್ನು ತೋರಿಸುತ್ತಾನೆ. ಅದೂ ವಿಮಾನದ ನೋಟವೇ ಅಲ್ಲವೆ ಎಂದು ಕೇಳಬಹುದು. ಅಲ್ಲಿಯ ರಹಸ್ಯವೇನೆಂದರೆ ಆ ನೆಲವನ್ನು ರಾಮನು ಮೊದಲೇ ನಡೆದಿದ್ದಾನೆ. ಇಲ್ಲಿಯೇ ನಿನ್ನ ಕಾಲಿನ ನೂಪುರ ಬಿದ್ದು ಸಿಕ್ಕಿತ್ತು, ಈ ಮಾಲ್ಯವಂತದ ಶಿಖರದಲ್ಲಿಯೇ ಹೊಸ ಮಳೆಯೂ ನನ್ನ ಕಣ್ಣೀರೂ ಒಟ್ಟಿಗೆ ಸುರಿದವು ಎಂದು ಅವನು ಹೇಳುವಾಗ ಮೇಲಣ ನೋಟಕ್ಕೆ ಭಾರವನ್ನು ತಂದುಕೊಡುವದು ಕೆಳಗಿನ ಆ ಹಳೆಯ ನಡಿಗೆಯೇ. ಮಾಘನ ದಾರುಕನಿಗೂ ಕಾಳಿದಾಸನ ರಾಮನಿಗೂ ಇರುವ ಅಂತರ ಇದೇ. ಕನ್ನಡದಲ್ಲಿ ಈ ಸತ್ಯವನ್ನು ಕಂಡವರು ವಚನಕಾರರು. ಅಕ್ಕಮಹಾದೇವಿಯ ಒಂದು ಪ್ರಸಿದ್ಧ ವಚನದಲ್ಲಿ ಬೆಟ್ಟವೂ ಕಡಲತಡಿಯೂ ವರ್ಣನೆಯ ವಸ್ತುಗಳಾಗಿ ಬರದೆ, ಮನೆಮಾಡಿ ಇರಬೇಕಾದ ತಾಣಗಳಾಗಿ, ಅಲ್ಲಿಯ ಅಂಜಿಕೆಗಳ ಸಮೇತವಾಗಿ ಬರುತ್ತವೆ. ದಂಡಿಯ ಅರ್ಣವವೂ ಶೈಲವೂ ಅಲ್ಲಿ ಎಂಥ ಬದಲಾವಣೆ ಹೊಂದಿವೆ, ನೋಡಿರಿ! ಶ್ರೀಶೈಲಕ್ಕೆ ನಡೆದುಹೋದ ಹೆಣ್ಣುಮಗಳಿಗೆ ಅಲಂಕಾರಶಾಸ್ತ್ರದ ಗಿರಿ ಸಾಲದಾಯಿತು.

ಇನ್ನು ಇಂಗ್ಲಂಡದ ಮಾತು. ಗುಡ್ಡ ಹತ್ತುವದನ್ನೂ, ಕಡಲಿಗೆ ಚಾಚಿಕೊಂಡ ಬಂಡೆಯ ತುದಿಯ ವರೆಗೆ ನಡೆಯುವದನ್ನೂ ಆ ಜನರು ಒಂದು ಸಾಹಿತ್ಯಪ್ರಕಾರವನ್ನಾಗಿಯೇ ಮಾಡಿಕೊಂಡಿದ್ದಾರೆ. ವರ್ಡ್ಸ್‌ವರ್ತ್ ಕವಿಯು ತನ್ನ ಸರೋವರಗಳ ಸೀಮೆಗೆ ಗದ್ಯದಲ್ಲಿ ದಾರಿತೋರುವ ಪುಸ್ತಕವೊಂದನ್ನು ಬರೆದನು. ಅದರೊಳಗಿನ ಒಂದು ಉತ್ತಮ ಭಾಗವು ಅವನದಲ್ಲ, ತಂಗಿ ಡೊರೊಥಿಯದು. ಅಣ್ಣನ ಪುಸ್ತಕದಲ್ಲಿ ಅದು ಅವಳ ಹೆಸರಿಲ್ಲದೆ ಅಚ್ಚಾಯಿತು. 1818ರ ಅಕ್ಟೋಬರದಲ್ಲಿ ಅವಳು ಗೆಳತಿಯೊಬ್ಬಳೊಡನೆ ಇಂಗ್ಲಂಡದ ಅತ್ಯುನ್ನತ ಶಿಖರವಾದ, 3,200 ಅಡಿ ಎತ್ತರದ ಸ್ಕಾಫೆಲ್ ಪೈಕನ್ನು ಹತ್ತಿದಳು. ದೂರದ ಕಡಲಿನಲ್ಲಿ ಹಡಗೊಂದು ಕಂಡಿತು, ಜತೆಯಲ್ಲಿದ್ದವರಿಗೆ ತೋರಿಸಿದಳು, ನೋಡುನೋಡುತ್ತ ಹಡಗಿನ ಆಕಾರ ಕರಗಿ ಅದು ಮೋಡವಾಗಿತ್ತು. ಇದನ್ನು ಅವಳು ಮುಚ್ಚಿಡದೆ ಬರೆದಳು. ನಮ್ಮಲ್ಲಿ ಭ್ರಾಂತಿಮದಲಂಕಾರವೆಂಬುದೊಂದಿದೆ. ಬೆಳುದಿಂಗಳನ್ನು ಹಾಲೆಂದು ಬೆಕ್ಕು ನೆಕ್ಕಿತೆನ್ನುವಂಥದು. ಅದರ ಲಕ್ಷಣವನ್ನು ಎಷ್ಟೋ ವರ್ಷ ಹುಡುಗರಿಗೆ ಹೇಳಿಕೊಟ್ಟ ನನಗೆ ಡೊರೊಥಿಯ ಹಡಗನ್ನು ಓದಿದಾಗ, ಅಲಂಕಾರಗಳೆಲ್ಲ ಒಂದಾನೊಂದು ಕಾಲಕ್ಕೆ ಯಾರೋ ಒಬ್ಬರ ಕಣ್ಣಿಗೆ ನಿಜವಾಗಿ ಸಂಭವಿಸಿದವುಗಳೇ ಆಗಿರಬೇಕೆಂದು ಅನಿಸಿತು.

ಕಡಲತುದಿಯ ಮಾತಿಗೆ ಶಾರ್ಲೆಟ್ ಸ್ಮಿತ್ ಎಂಬ ಕವಯಿತ್ರಿಯನ್ನು ನೆನೆಯಬೇಕು. ಅವಳ ‘ಬೀಚಿ ಹೆಡ್’ ಎಂಬ ದೀರ್ಘಕವನವು ಅವಳು ತೀರಿಕೊಂಡ ಮೇಲೆ 1807ರಲ್ಲಿ ಪ್ರಕಟವಾಯಿತು. (ನಮ್ಮ ಬೀಚಿಯವರಿಗೂ ಇದಕ್ಕೂ ಏನೂ ಸಂಬಂಧವಿಲ್ಲ, ಇದು ಇಂಗ್ಲಂಡದ ದಕ್ಷಿಣ ತೀರದ ಒಂದು ಬಿಳಿಯ ಸುಣ್ಣಗಲ್ಲಿನ ಕಡಿಬಂಡೆ.) ಆ ಸೀಮೆಯ ಗುಡ್ಡದ ನೆತ್ತಿಯ ಮೇಲೆ ಕಡಲಿನ ಚಿಪ್ಪುಗಳು ಕಲ್ಲಾಗಿ ಸಿಕ್ಕುವದನ್ನು ಕಂಡು, ಸಮುದ್ರವು ಒಮ್ಮೆ ಇಲ್ಲಿಯ ವರೆಗೆ ಇದ್ದಿತೇ ಎಂದು ಅವಳು ಕವನದಲ್ಲಿಯೇ ಕೇಳುತ್ತಾಳೆ. ಈ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಗುಡ್ಡಗಳಲ್ಲಿ ಇದು ಮತ್ತೊಮ್ಮೆ ಎದುರಾಗುವದು.

ಆ ದೇಶವನ್ನು ಅತಿಯಾಗಿ ಹೊಗಳಲು ನಾನು ಸಿದ್ಧನಿಲ್ಲ. ಕವಿಗಳು ಹಾಡಿದ ಅದೇ ಗುಡ್ಡಗಳಿಗೆ ದೊಡ್ಡ ಜಮೀನುದಾರರು ಬೇಟೆಯ ಹಕ್ಕಿಗಳ ಸಲುವಾಗಿ ಬೇಲಿ ಹಾಕಿ ಕಾವಲುಗಾರರನ್ನಿಟ್ಟಿದ್ದರು. 1932ರ ಏಪ್ರಿಲ್ 24ರಂದು ಕಿಂಡರ್ ಸ್ಕೌಟ್ ಎಂಬ ಬಯಲುಗುಡ್ಡವನ್ನು ಗಿರಣಿಯ ಊರುಗಳ ನೂರಾರು ಜನ ತರುಣರು ತಡೆಯನ್ನು ಮೀರಿ ಹತ್ತಿದರು. ಅವರಲ್ಲಿ ಕೆಲವರು ಸೆರೆಮನೆಯನ್ನು ಕಂಡರು. ಸಾಮಾನ್ಯರು ಗುಡ್ಡಗಾಡಿನಲ್ಲಿ ನಡೆಯುವದಕ್ಕೆ ಆಸ್ಪದವೀಯುವ ಕಾನೂನು ಆದದ್ದು 1949ರಲ್ಲಿ. ನಮ್ಮ ಎಲ್ಲಮ್ಮನ ಗುಡ್ಡಕ್ಕೆ ಯಾವ ದೇಸಾಯಿಯೂ ಬೇಲಿ ಹಾಕಲಿಲ್ಲ. ಹತ್ತುವ ಹಕ್ಕು ನಮ್ಮಲ್ಲಿ ಮೊದಲಿಂದಲೂ ಇತ್ತು. ಹತ್ತಿದ್ದನ್ನು ಬರೆಯುವ ರೂಢಿ ಮಾತ್ರ ಬೆಳೆಯಲಿಲ್ಲ.

ಇಂಗ್ಲಿಷ್ ಕಾವ್ಯದ ಗಾಳಿ ಕನ್ನಡಕ್ಕೆ ಬೀಸಿದಾಗ ಬಂದದ್ದು ಪ್ರಕೃತಿಯ ಭಾವ, ಅದರ ಗಾನ. ದಾರಿಯ ಗದ್ಯ ಬರಲಿಲ್ಲ. ಕುವೆಂಪು ಅವರನ್ನು ಇದಕ್ಕೆ ಅಪವಾದವೆಂದು ಒಪ್ಪಲೇಬೇಕು. ‘ಮಲೆನಾಡಿನ ಚಿತ್ರಗಳು’ ಬರೆದವರ ಅಂಗಾಲಿಗೆ ಮುಳ್ಳು ನಟ್ಟಿತ್ತೆಂಬದು ಪುಟಪುಟದಲ್ಲಿ ತಿಳಿಯುತ್ತದೆ. ಕುಪ್ಪಳಿಯ ಕವಿಶೈಲವು ಇಂದು ಸಾವಿರಾರು ಜನರು ನಡೆದುಹೋಗುವ ಬಂಡೆಯಾಗಿದೆ. 1994ರಲ್ಲಿ ಅವರ ದೇಹವು ಮಣ್ಣಿಗೆ ಸಂದದ್ದೂ ಅಲ್ಲಿಯೇ. ಒಬ್ಬ ಬರಹಗಾರನು ಒಂದು ಗುಡ್ಡಕ್ಕೆ ಏನು ಮಾಡಬಲ್ಲನೆಂಬದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ. ಆದರೆ ಇದರಿಂದ ಒಂದು ವಿಪರೀತವೂ ಆಗಿದೆ. ಹಿಮಾಲಯದಿಂದ ಒಂದು ಮಾದರಿ, ಮಲೆನಾಡಿನಿಂದ ಇನ್ನೊಂದು. ಗಿರಿಯೆಂದರೆ ಒಂದೋ ಬಿಳಿ, ಇಲ್ಲವೆ ಹಸಿರು. ಕೆಂಪು ಕಲ್ಲಿನ, ಕುರುಚಲು ಗಿಡದ, ಬೇಸಗೆಯಲ್ಲಿ ಕಾದ ಹೆಂಚಿನಂತಾಗುವ ನಮ್ಮ ಸೀಮೆಯ ಗುಡ್ಡಕ್ಕೆ ಈ ಎರಡರಲ್ಲಿಯೂ ಜಾಗವಿಲ್ಲ. ಸವದತ್ತಿಯ ಹುಡುಗನಿಗೆ ಪರ್ವತದ ಮೇಲೆ ನಿಬಂಧ ಬರೆಯಲು ಹೇಳಿದರೆ ಅವನು ದೇವದಾರು ಮರಗಳನ್ನೂ ಮಂಜನ್ನೂ ಬರೆಯುತ್ತಾನೆ. ಕಿಟಕಿಯಿಂದ ಕಾಣುವ ಗುಡ್ಡದ ಒಂದು ಕಲ್ಲೂ ಅವನ ನಿಬಂಧದಲ್ಲಿ ಉರುಳುವದಿಲ್ಲ. ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಇಂಥ ನಿಬಂಧಗಳನ್ನು ತಿದ್ದಿದವನ ಮಾತಿದು.

ಹಾಗಾದರೆ ನಮ್ಮ ಗುಡ್ಡಗಳನ್ನು ಕುರಿತು ಬರಹವೇ ಇಲ್ಲವೆ? ಇದೆ, ಮೂರು ಬಗೆಯದು. ಮೊದಲನೆಯದು ಕ್ಷೇತ್ರಮಹಾತ್ಮೆ. ಅದು ದೇವಿಯು ಹೇಗೆ ನೆಲೆಸಿದಳೆಂಬದನ್ನು ಹೇಳುತ್ತದೆ, ಹೇಗೆ ಹತ್ತಬೇಕೆಂಬದನ್ನು ಹೇಳುವದಿಲ್ಲ. ಆ ಗುಡ್ಡಕ್ಕೆ ಕರೆತಂದು ಮುತ್ತು ಕಟ್ಟಿಸಿದ ಹೆಣ್ಣುಮಕ್ಕಳ ಗೋಳನ್ನೂ ಹೇಳುವದಿಲ್ಲ; ಅದನ್ನು ನಿಲ್ಲಿಸಲು ಕರ್ನಾಟಕದಲ್ಲಿ 1982ರ ಶಾಸನ ಬರಬೇಕಾಯಿತು. ಎರಡನೆಯದು 1884ರಲ್ಲಿ ಹೊರಟ ಮುಂಬಯಿ ಇಲಾಖೆಯ ಬೆಳಗಾವಿ ಗೆಜೆಟಿಯರ. ಅದರ ಗದ್ಯದಲ್ಲಿ ಅಚ್ಚುಕಟ್ಟುತನ ಇದೆ. ದೂರ, ದಿಕ್ಕು, ಗೋಡೆ, ನೀರಿನ ಹೊಂಡ ಎಲ್ಲವೂ ಸಿಕ್ಕುತ್ತವೆ. ಅದು ಕಲೆಕ್ಟರನಿಗಾಗಿ ಬರೆದದ್ದು. ಅವನು ಕುದುರೆಯ ಮೇಲೆ ಬರುವವನು. ಮೂರನೆಯದು ಲಾವಣಿ. ಫ್ಲೀಟ್ ಸಾಹೇಬನು ನಮ್ಮ ಸೀಮೆಯ ಲಾವಣಿಗಳನ್ನು ಸಂಗ್ರಹಿಸಿ 1885ರಿಂದ ಮುಂದೆ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಹಾಕಿಸಿದನು. ಸಂಗೊಳ್ಳಿ ರಾಯಣ್ಣನ ಹಾಡುಗಳನ್ನು ಕೇಳಿದವರು ಬಲ್ಲರು, ಅಲ್ಲಿ ಅಡವಿಯೂ ಗುಡ್ಡವೂ ಅಡಗುವ ತಾಣ, ಓಡುವ ದಾರಿ. ಹಾಡುಗಾರನಿಗೆ ಹೊಗಳಿಕೆಗೆ ಪುರಸತ್ತಿಲ್ಲ. ಈ ಮೂರರೊಳಗೆ ಕಾಲಿನ ಸಾಕ್ಷ್ಯವು ಅಷ್ಟಿಷ್ಟು ಇದ್ದರೆ ಅದು ಲಾವಣಿಯಲ್ಲಿಯೇ.

ಇವೆಲ್ಲವುಗಳಿಗಿಂತ ಮೊದಲಿನದು ಜನರ ಬಾಯಲ್ಲಿಯ ಹೆಸರು. ‘ಏಳು ಕೊಳ್ಳದ ಎಲ್ಲಮ್ಮ’ ಎನ್ನುತ್ತಾರೆ. ಮಹಾತ್ಮೆಯು ಹೇಳದ ಭೂಗೋಲವನ್ನು ಈ ಎರಡು ಶಬ್ದಗಳ ಬಿರುದು ಹೇಳಿಬಿಡುತ್ತದೆ. ದೇವಿಯನ್ನು ಶಿಖರದಿಂದ ಗುರುತಿಸದೆ ಕೊಳ್ಳಗಳಿಂದ ಗುರುತಿಸಿದ್ದು ಸುಮ್ಮನೆ ಅಲ್ಲ. ಈ ಗುಡ್ಡಗಳ ಸ್ವರೂಪವೇ ಹಾಗೆ: ಮೇಲೆ ಹಲಗೆಯಂತೆ ಮಟ್ಟಸ, ಅಂಚಿನಲ್ಲಿ ಕಡಿದಾದ ಕಲ್ಲು, ನಡುನಡುವೆ ಸೀಳಿಕೊಂಡ ಕೊಳ್ಳ. ಮೇಲಕ್ಕೆ ಬಂದವನಿಗೆ ತಾನು ಎತ್ತರದಲ್ಲಿದ್ದೇನೆಂಬದು ಕೊಳ್ಳದ ಅಂಚಿಗೆ ಬಂದಾಗಲೇ ತಿಳಿಯುವದು. ನಡೆದವರು ಇಟ್ಟ ಹೆಸರಿದು.

ಸವದತ್ತಿಯಿಂದ ಗುಡ್ಡವು ಸುಮಾರು ಮೂರು ಮೈಲು. ರೂಢಿಯಂತೆ ಮೊದಲು ಜೋಗುಳಬಾವಿಯಲ್ಲಿ ಮಿಂದು ಮುಂದೆ ಏರಬೇಕು. ಮೋಟಾರಿನಲ್ಲಿ ಹೋಗುವವರಿಗೆ ಅರ್ಧ ಕಾವ್ಯವು ಅಲ್ಲಿಯೇ ಲೋಪವಾಗುತ್ತದೆ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಚಕ್ಕಡಿಗಳ ಸಾಲು, ಭಂಡಾರದ ಹಳದಿ, ಉಧೋ ಉಧೋ ಎಂಬ ಕೂಗು, ಇವೆಲ್ಲ ಎಲ್ಲರೂ ಕಂಡವೇ; ನಾನು ವಿಸ್ತರಿಸುವದಿಲ್ಲ. ಆ ಹುಣ್ಣಿಮೆಯು ಮಾಘಮಾಸದ್ದೆಂಬದನ್ನು ಮಾತ್ರ ಕಾವ್ಯಾಸಕ್ತರು ನೆನೆಯಬೇಕು. ಅಂದಿನ ನಸುಕಿನಲ್ಲಿ ಗುಡ್ಡದ ನೆತ್ತಿಯ ಬಯಲಿನಲ್ಲಿ ನಿಂತವನಿಗೆ ಪಡುವಣದಲ್ಲಿ ಇಳಿಯುವ ಪೂರ್ಣಚಂದ್ರನೂ ಮೂಡಣದಲ್ಲಿ ಏರುವ ಸೂರ್ಯನೂ ಕಾಣಬಹುದು. ಇದು ಮಾಘನ ಆನೆಯೇ. ಆದರೆ ನಾವು ನಿಂತದ್ದು ಅದರ ಬೆನ್ನಿನ ಮೇಲೆ! ಎರಡು ಗಂಟೆಗಳನ್ನೂ ಒಂದೇ ನೋಟದಲ್ಲಿ ಹಿಡಿಯಲಾಗದು. ಒಂದನ್ನು ನೋಡಿ, ಹೊರಳಿ, ಇನ್ನೊಂದನ್ನು ನೋಡಬೇಕು. ಹಾಗೆ ಹೊರಳುವಷ್ಟರಲ್ಲಿ ಸೂರ್ಯನು ಬೆರಳಗಲ ಏರಿರುತ್ತಾನೆ. ಗಂಟೆಯ ಉಪಮೆಯಲ್ಲಿ ಕಾಲವು ನಿಂತುಹೋಗಿದೆ. ಗುಡ್ಡದ ಮೇಲೆ ಅದು ಓಡುತ್ತದೆ. ಮಾಘನನ್ನು ನಾನು ಕಡಿಮೆಮಾಡುತ್ತಿಲ್ಲ. ಅವನ ಶ್ಲೋಕಕ್ಕೆ ಸಲ್ಲತಕ್ಕ ಉತ್ತಮ ವ್ಯಾಖ್ಯಾನವು ಸರ್ವಂಕಷೆಯಲ್ಲಿ ಅರ್ಧ, ಇಂಥ ನಸುಕಿನಲ್ಲಿ ಅರ್ಧ ಇದೆಯೆಂಬದಷ್ಟೇ ನನ್ನ ಅಭಿಪ್ರಾಯ.

ಪರಸಗಡವು ಇದಕ್ಕಿಂತ ಏಕಾಂತದ ಸ್ಥಳ. ಮುಂಬಯಿ ಸರಕಾರದ ಕಾಲದಲ್ಲಿ ತಾಲೂಕಿಗೇ ಪರಸಗಡ ತಾಲೂಕೆಂದು ಹೆಸರಿತ್ತು. ಈಗ ಕೋಟೆಗೆ ಮಾತ್ರ ಉಳಿದಿದೆ. ಸವದತ್ತಿಯು ರಟ್ಟರ ರಾಜಧಾನಿಯಾಗಿ ಸುಗಂಧವರ್ತಿಯೆನಿಸಿಕೊಂಡಿದ್ದ ಊರು. ಕೋಟೆಯನ್ನೂ ರಟ್ಟರದೆಂದೇ ಹೇಳುತ್ತಾರೆ. ಇಲ್ಲಿಗೆ ಬರುವವನು ಕೋಟೆಯ ಗೋಡೆಯನ್ನು ನೋಡುವದರ ಸಂಗಡ ಕಾಲಕೆಳಗಿನ ಕಲ್ಲನ್ನೂ ನೋಡಬೇಕು. ಸವದತ್ತಿಯಿಂದ ರಾಮದುರ್ಗದ ವರೆಗೆ ಹಬ್ಬಿದ ಈ ಮರಳುಗಲ್ಲಿನ ಗುಡ್ಡಗಳನ್ನು ಭೂಗರ್ಭಶಾಸ್ತ್ರ ಬಲ್ಲವರು ಕಲಾದಗಿಯ ಶಿಲೆಗಳೆಂದು ಕರೆಯುತ್ತಾರೆ. 1876ರ ಗ್ರಂಥದಲ್ಲಿ ಬ್ರೂಸ್ ಫುಟ್ ಇವುಗಳನ್ನು ವಿವರಿಸಿದನು. ಕೋಟಿಗಟ್ಟಲೆ ವರ್ಷಗಳ ಕೆಳಗೆ ನೀರಿನ ತಳದಲ್ಲಿಯೂ ದಡದಲ್ಲಿಯೂ ಕೂಡಿದ ಮರಳು ಒತ್ತಿ ಗಟ್ಟಿಯಾಗಿ ಈ ಕಲ್ಲಾಯಿತು. ಆದುದರಿಂದ ಈ ಶಿಲೆಯ ಹಾಸುಗಳಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಅಲೆಗಳ ಗೆರೆಗಳು ಅಚ್ಚೊತ್ತಿದಂತೆ ಉಳಿದಿರುತ್ತವೆ. ಕಡಲು ಹಿಂದೆ ಸರಿದ ಮೇಲೆ ಕಾರವಾರದ ಮರಳಿನಲ್ಲಿ ಕಾಣುವ ಗೆರೆಗಳೇ ಅವು. ಬೆರಳಾಡಿಸಿದರೆ ಏರುತಗ್ಗು ಹತ್ತುತ್ತದೆ. ಶಾರ್ಲೆಟ್ ಸ್ಮಿತ್ತಳು ಚಿಪ್ಪನ್ನು ಹಿಡಿದು ಕೇಳಿದ ಪ್ರಶ್ನೆಗೆ ನಮ್ಮ ಬಂಡೆಯೂ ಬಾಯಿ ತೆರೆದಿದೆ. ದಂಡಿಯು ಅರ್ಣವಶೈಲಗಳನ್ನು ಅಕ್ಕಪಕ್ಕದಲ್ಲಿ ಇರಿಸಿದ್ದು ಛಂದಸ್ಸಿಗಾಗಿ ಇರಬಹುದು. ಇಲ್ಲಿಯಾದರೋ ಅವೆರಡೂ ಒಂದೇ ಕಲ್ಲಿನಲ್ಲಿ ಕೂಡಿವೆ. ರೇಣುಕೆಯು ದಿನವೂ ಮಲಪ್ರಭೆಯ ಮರಳಿನಿಂದಲೇ ಕೊಡವನ್ನು ಮಾಡಿ ನೀರು ತರುತ್ತಿದ್ದಳೆಂಬ ಕಥೆಯನ್ನು ಕೇಳುತ್ತ ಬೆಳೆದವರು ನಾವು. ಮರಳು ಗಟ್ಟಿಗೊಂಡು ನಿಲ್ಲುವದೆಂಬ ಸಂಗತಿಯು ಈ ನೆಲದ ಪುರಾಣಕ್ಕೂ ಗೊತ್ತಿತ್ತು.

ಈ ಕಲ್ಲನ್ನು ಮಲಪ್ರಭೆಯು ಕೊರೆದುಕೊಂಡು ದಾಟಿದ ಇಕ್ಕಟ್ಟೇ ನವಿಲುತೀರ್ಥ. 1970ರ ದಶಕದಲ್ಲಿ ಅಲ್ಲಿ ಅಣೆಕಟ್ಟು ನಿಂತು ಹಿಂಬದಿಯಲ್ಲಿ ರೇಣುಕಾಸಾಗರ ತುಂಬಿತು. ಹೊಳೆಯು ಗುಡ್ಡವನ್ನು ಸೀಳಿದ ನೋಟವನ್ನು ಅಣೆಯು ಅರ್ಧ ಮುಚ್ಚಿದೆ, ಆದರೆ ಎತ್ತರದಿಂದ ನೋಡುವವನಿಗೆ ಎರೆಹೊಲಗಳ ನಡುವೆ ಒಂದು ಹೊಸ ಅರ್ಣವವನ್ನು ಕೊಟ್ಟಿದೆ. ಇದನ್ನು ಲಾಭವೆನ್ನಬೇಕೋ ನಷ್ಟವೆನ್ನಬೇಕೋ, ನೀರು ಬಂದ ಹೊಲದವನೊಂದು ಹೇಳುವನು, ಮುಳುಗಿದ ಊರಿನವನೊಂದು ಹೇಳುವನು.

ಕಿತ್ತೂರಿನಲ್ಲಿ ನಡೆದುಹೋಗಿ ನೋಡತಕ್ಕ ಎತ್ತರವೇನೂ ಇಲ್ಲ. ಕೋಟೆಯು ಬಯಲಿನದು, 1824ರ ಅಕ್ಟೋಬರ 23ರಂದು ಥ್ಯಾಕರೆಯು ಬಿದ್ದದ್ದೂ ಬಾಗಿಲೆದುರಿನ ನೆಲದಲ್ಲಿ. ಬೈಲಹೊಂಗಲದವರಿಗೆ ಸೊಗಲವಿದೆ. ಮಳೆಗಾಲದಲ್ಲಿ ಸೋಮೇಶ್ವರನ ಗುಡಿಯ ಬಳಿ ಬಂಡೆಯಿಂದ ನೀರು ಧುಮುಕುವದು. ಜನರು ಬುಡದಲ್ಲಿ ಮಿಂದು ಬುತ್ತಿಯುಂಡು ಬರುತ್ತಾರೆ. ನೀರು ಬರುವ ಮೇಲಣ ಹಾಸಿಗೆ ಹೋಗುವವರು ಕಡಿಮೆ. ಹೂಲಿಯಲ್ಲಿ ಪಂಚಲಿಂಗೇಶ್ವರನ ಗುಡಿಯ ಕೆತ್ತನೆಯನ್ನು ಹೊಗಳಿ ಬರೆದವರುಂಟು. ಬೆನ್ನಿಗಿರುವ ಗುಡ್ಡವನ್ನು ಹತ್ತಿದ ಬಗ್ಗೆ ಯಾರೂ ಬರೆದಂತೆ ತೋರದು.

ಕಡಲತುದಿಗಳ ವಿಷಯದಲ್ಲಿ ಕನ್ನಡಿಗರ ದಾರಿದ್ರ್ಯವು ಇನ್ನೂ ಹೆಚ್ಚಿನದು. ಶಾಲಾಪುಸ್ತಕದ ‘ಭೂಶಿರ’ವೆಂಬ ಶಬ್ದವೇ ಸಾಕು, ಅದನ್ನು ಬಳಸಿದವನು ಅಲ್ಲಿ ನಿಂತಿಲ್ಲವೆಂದು ಹೇಳಲು. ಕಾರವಾರವನ್ನು ಕುರಿತ ಒಳ್ಳೆಯ ಪುಟಗಳನ್ನು ಬಂಗಾಲಿಯಲ್ಲಿ ಓದಬೇಕಾಗಿದೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ಹೋಗಿ ಇಳಿದ ರವೀಂದ್ರನಾಥ ಠಾಕೂರರು ಕಾಳಿನದಿಯಲ್ಲಿ ದೋಣಿಯೇರಿ ಹೋದದ್ದನ್ನೂ, ಶಿವಾಜಿಯ ಹಳೆಯ ಗುಡ್ಡದ ಕೋಟೆಯ ಬಳಿ ಇಳಿದದ್ದನ್ನೂ, ಬೆಳುದಿಂಗಳಲ್ಲಿ ಮರಳಿನ ಮೇಲೆ ನಡೆದು ಮರಳಿದ್ದನ್ನೂ ತಮ್ಮ ಜೀವನಸ್ಮೃತಿಯಲ್ಲಿ ಬರೆದಿದ್ದಾರೆ. ನಮ್ಮ ವಿನಾಯಕ ಗೋಕಾಕರ ‘ಸಮುದ್ರ ಗೀತೆಗಳು’ ದೊಡ್ಡ ಉಸಿರಿನ ಕವಿತೆಗಳು. ಅವುಗಳಲ್ಲಿಯ ಕಡಲು ಹಡಗಿನಿಂದ ಕಂಡದ್ದು. ನೆಲವು ಮುಗಿಯುವ ಕೊನೆಯ ಬಂಡೆಯ ಮೇಲೆ ನಿಂತು ನೋಡುವ ಕಡಲು ಬೇರೆ. ಮುರುಡೇಶ್ವರದ ಕಂದುಕಗಿರಿಯು ಮೂರು ಕಡೆಗೆ ನೀರಿರುವ ಅಂಥ ಒಂದು ಗುಡ್ಡ. ಈಗ ಅಲ್ಲಿ 123 ಅಡಿಯ ಶಿವನಿದ್ದಾನೆ. ಗೋಪುರದೊಳಗೆ ಲಿಫ್ಟು ಇದೆ. ಮಾಘನ ದಾರುಕನು ಮತ್ತೆ ಬಂದಿದ್ದಾನೆ, ರಥ ಮಾತ್ರ ನೆಟ್ಟಗೆ ಮೇಲಕ್ಕೆ ಹೋಗುತ್ತದೆ.

ಇದೆಲ್ಲ ಸಾಹಿತ್ಯದ ಸೊಬಗಿನ ಮಾತಷ್ಟೇ ಆಗಿದ್ದರೆ ನಾನು ಇಷ್ಟು ಕಾಗದವನ್ನು ಕೆಡಿಸುತ್ತಿರಲಿಲ್ಲ. ಕಂದಾಯದ ಕಾಗದಗಳಲ್ಲಿ ಸಾಗುವಳಿಗೆ ಬಾರದ ನೆಲಕ್ಕೆ ‘ಖರಾಬು’ ಎಂದು ಬರೆಯುವದುಂಟು. ಕಲ್ಲು ಕಲ್ಲಾದ ನೆಲವೆಲ್ಲ ಹೀಗೆ ಖರಾಬಿನ ಲೆಕ್ಕಕ್ಕೆ ಸೇರುತ್ತದೆ. ಹೆಸರು ಇಡುವದು ಮೊದಲನೆಯ ವಿಮರ್ಶೆ. ಜನರು ಏಳು ಕೊಳ್ಳವೆಂದು ಎಣಿಸಿದ್ದು ಒಂದು ವಿಮರ್ಶೆ, ಗುಮಾಸ್ತನು ಖರಾಬೆಂದು ಗೀಚಿದ್ದು ಇನ್ನೊಂದು. ಕೆಟ್ಟದ್ದೆಂದು ಬರೆಯಿಸಿಕೊಂಡ ಗುಡ್ಡವನ್ನು ಒಡೆದು ಜಲ್ಲಿ ಮಾಡಲು ಯಾರಿಗೂ ಕೈ ನಡುಗುವದಿಲ್ಲ, ಅದಕ್ಕಾಗಿ ಯಾರೂ ಅಳುವದೂ ಇಲ್ಲ. ಗದಗ ಸೀಮೆಯ ಕಪ್ಪತಗುಡ್ಡವೂ ಬಯಲುಸೀಮೆಯದೇ. ಅಲ್ಲಿಯ ಔಷಧಿಯ ಗಿಡಗಳ ಹೆಸರು ಜನರ ಬಾಯಲ್ಲಿ ಉಳಿದಿತ್ತು; ಗಣಿಯ ಭಯ ಬಂದಾಗ ಆ ಹೆಸರುಗಳನ್ನು ಹಿಡಿದು ವಾದಿಸುವವರು ಎದ್ದರು; 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಪರಸಗಡದ ಪರವಾಗಿ ಅಂಥ ಪ್ರಸಂಗ ಬಂದರೆ ನಮ್ಮ ಹತ್ತಿರ ಓದಿ ತೋರಿಸಲು ಗೆಜೆಟಿಯರಿನ ಅರ್ಧ ಪುಟವಿದೆ.

ಗುಡ್ಡ ಹತ್ತಿದ ವೃತ್ತಾಂತವು ಪ್ರವಾಸದ ಟಿಪ್ಪಣಿಯಾದೀತೇ ಹೊರತು ಕಾವ್ಯವಾಗದು ಎಂದು ಒಬ್ಬ ವಿದ್ವಾಂಸಮಿತ್ರರು ನನ್ನೊಡನೆ ವಾದಿಸಿದರು. ಗದ್ಯವನ್ನೂ ಕಾವ್ಯದ ಭೇದವೆಂದು ಎಣಿಸಿದವನು ದಂಡಿಯೇ ಅಲ್ಲವೆ ಎಂದು ಕೇಳಿದೆ. ಅವರು ನಕ್ಕು ಚಹದ ಬಟ್ಟಲನ್ನು ಕೆಳಗಿಟ್ಟರು. ಬರೆಯಬೇಕಾದವರು ತರುಣರು. ಅವರಿಗೆ ಬೇಕಾದ ಶಬ್ದಗಳನ್ನು ನಿಘಂಟಿನಲ್ಲಿ ಹುಡುಕಬೇಕಾಗಿಲ್ಲ. ಶೈಲ, ಅಚಲ, ಸಾನು, ಕಂದರಗಳನ್ನು ನಾನು ಬಲ್ಲೆ, ಅವುಗಳ ಮೇಲೆ ನನಗೆ ಪ್ರೀತಿಯೂ ಇದೆ. ಆದರೆ ಕುರಿಯ ಹಿಂದೆ ತಿರುಗುವ ಮುದುಕನ ಬಾಯಲ್ಲಿ ಗುಡ್ಡ ಬೇರೆ, ಮರಡಿ ಬೇರೆ, ದಿನ್ನೆ ಬೇರೆ. ಕೊಳ್ಳ ಬೇರೆ, ಹಳ್ಳ ಬೇರೆ. ಹಾಸುಗಲ್ಲು, ಗುಂಡುಗಲ್ಲು, ಗರಸು ಮೂರೂ ಬೇರೆ. ಪಾವಟಿಗೆಗಳಿರುವ ಏರಿಗೂ ಕುರಿಗಳು ತುಳಿದು ಮಾಡಿದ ಏರಿಗೂ ಅವನು ಒಂದೇ ಮಾತನ್ನು ಬಳಸುವದಿಲ್ಲ. ರಾಮದುರ್ಗದ ಕಡೆಯವರು ಸುರೇಬಾನದ ಹತ್ತಿರದ ಶಬರಿಕೊಳ್ಳದಿಂದ ಆರಂಭಿಸಬಹುದು. ರಾಮನಿಗೆ ಶಬರಿಯು ಹಣ್ಣು ಕೊಟ್ಟ ಸ್ಥಳವದೆಂದು ನಂಬಿಕೆ. ಹಣ್ಣಿನ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಯಾವ ತಿಂಗಳಿನಲ್ಲಿ ಅಲ್ಲಿ ಬಾರಿ ಹಣ್ಣಾಗುತ್ತದೆ, ಯಾವ ತಿಂಗಳಿನಲ್ಲಿ ಕವಳಿ ಸಿಕ್ಕುತ್ತದೆ, ಕೊಳ್ಳದ ನೀರು ಎಲ್ಲಿಯ ವರೆಗೆ ಕಾಣಿಸಿಕೊಂಡು ಎಲ್ಲಿ ಕಲ್ಲಿನೊಳಗೆ ಅಡಗುತ್ತದೆ, ಮೇಲಣ ಹಾಸಿಗೆ ಹೋಗಲು ಯಾವ ಮಗ್ಗುಲಿನ ದಾರಿ ಒಳ್ಳೆಯದು ಎಂಬವನ್ನು ಬರೆದು ಕಳಿಸಿದವರ ಲೇಖನಕ್ಕೆ ಈ ಪತ್ರಿಕೆಯಲ್ಲಿ ಸ್ಥಳ ದೊರೆಯುವಂತೆ ಸಂಪಾದಕರಲ್ಲಿ ನಾನು ಹೇಳುತ್ತೇನೆ. ಶ್ರಾವಣ ಮುಗಿದ ಮೇಲೆ ಹೋಗುವದು ಲೇಸು. ಅದಕ್ಕೆ ಮುಂಚೆ ಹಾಸುಗಲ್ಲು ಪಾಚಿಗಟ್ಟಿ ಕಾಲು ನಿಲ್ಲುವದಿಲ್ಲ.